ಕುರಿ ತೊಳೆದ ಜನವರಿ

ಹೋದ ವಾರ ಶುಂಠಿ ನೋಡಲು ನಾರಾಯಣಖೇಡದ ಕಡೆ ಹೋಗಿದ್ದೆ. ಹೊಲದಲ್ಲಿರುವ ಮಾಲನ್ನು ಕಣ್ಣಿಂದ ನೋಡದೆ ಫೋನಿನಲ್ಲೇ ಮಾತು ಮುಗಿಸುವ ವ್ಯಾಪಾರಿಗಳು ಈಗ ಭಾಳ ಆಗಿದ್ದಾರೆ. ನಾನು ಆ ಪೈಕಿ ಅಲ್ಲ. ಗಡ್ಡೆ ಮುರಿದು, ಮೂಸಿ, ನಾರು ಎಷ್ಟಿದೆ ನೋಡಿ, ಆಮೇಲೆ ದರದ ಮಾತು. ಹಾಗೆ ಹೋಗುವಾಗ ಒಂದು ತಿರುವಿನಲ್ಲಿ ಯಾರದೋ ಕುರಿಹಿಂಡು ರಸ್ತೆಗೆ ಅಡ್ಡ ನಿಂತಿತ್ತು. ಆಗಷ್ಟೇ ತೊಳೆದ ಕುರಿ. ಮೈಯಿಂದ ನೀರು ಇಳಿದು ಡಾಂಬರು ಕರ್ರಗಾಗಿತ್ತು. ಹಸಿ ಉಣ್ಣೆಯ ವಾಸನೆ ಒಳಗೆ ನುಗ್ಗಿದ್ದೇ ತಡ, ಡ್ರೈವರ್ ಮೂಗು ಮುಚ್ಚಿಕೊಂಡು ಗಾಜು ಏರಿಸಿದ. ಇಳಿಸು ಅಂದೆ. ಈ ನಾತ ಬೇಕಾಗ್ಯದೇನ್ರಿ ಅಕ್ಕಾ ಅಂತ ಕೇಳಿದ. ಬೇಕಾಗಿರಲಿಲ್ಲ. ಆದರೂ ಇಳಿಸಿದೆ.

ಜಹೀರಾಬಾದಿನಲ್ಲಿ ಹಾಸ್ಟೆಲ್ಲು, ಕ್ಯಾಂಟೀನು, ಮದುವೆ ಮನೆಗಳಿಗೆ ತರಕಾರಿ ಹಾಕುವುದು ನನ್ನ ಕೆಲಸ. ಈ ದಂಧೆಯನ್ನು ನನಗೆ ಯಾರೂ ಹಚ್ಚಿಕೊಟ್ಟಿಲ್ಲ. ಅದು ಶುರುವಾದದ್ದು ಕೊರೊನಾಕ್ಕಿಂತ ಹಿಂದಿನ ಒಂದು ಜನವರಿಯಲ್ಲಿ. ಆಗ ನಾನು ಊರಿಗೆ ಬಂದಾಗಲೆಲ್ಲ ಮೈಗೆ ಇದೇ ವಾಸನೆ ಹತ್ತುತ್ತಿತ್ತು. ನಮ್ಮದು ಖೇಡದ ಕಡೆಯ ಸಣ್ಣ ಊರು, ಕುರಿ ಸಾಕುವ ಮನೆತನ. ನಾನು ಜಹೀರಾಬಾದಿನಲ್ಲಿ ಡಿಗ್ರಿ ಕಡೇ ವರ್ಷ ಓದುತ್ತಿದ್ದೆ.

ಜಹೀರಾಬಾದಿನ ಹೊರಗೆ ಸಮುವೇಲ ಅಯ್ಯನವರು ನಡೆಸುವ ಹುಡುಗಿಯರ ಹಾಸ್ಟೆಲ್ ಇತ್ತು. ಅವರು ಚರ್ಚಿನ ಪಾದ್ರಿಗಳು. ಒಮ್ಮೆ ಮಾರ್ಕೆಟ್ಟಿನಲ್ಲಿ ನಾನು ಟೊಮೇಟೊದವನ ಜೊತೆ ದರಕ್ಕೆ ಜಗ್ಗಾಡುವುದನ್ನು ಹಿಂದೆ ನಿಂತು ಕೇಳಿದರಂತೆ. ಮಾರನೇ ದಿನ ಹೇಳಿ ಕಳಿಸಿದರು. ಕೊರಿಯಾ ದೇಶದಿಂದ ಕಾಲೇಜು ಹುಡುಗ ಹುಡುಗಿಯರ ತಂಡ ಬರುತ್ತದೆ, ಚಳಿಗಾಲದ ರಜೆ ಇಲ್ಲೇ ಕಳೆಯುತ್ತದೆ, ಅವರ ಜೊತೆ ಸಂತೆಗೆ ಹೋಗಿ ಬರಲು ಕನ್ನಡ, ತೆಲುಗು, ಉರ್ದು, ಸ್ವಲ್ಪ ಇಂಗ್ಲಿಷು ಬರುವವರು ಬೇಕು ಅಂದರು. ನನಗೆ ನಾಲ್ಕೂ ಬರುತ್ತಿದ್ದವು, ಇಂಗ್ಲಿಷು ಕುಂಟುತ್ತ.

ಒಂದು ಟೆಂಪೋ ತುಂಬ ಬಂದರು. ಅವರ ಮುಖಂಡ ಪಾರ್ಕ್ ಸರ್ ಅಂತ, ನಡುವಯಸ್ಸಿನವರು, ಯಾರನ್ನು ಕಂಡರೂ ಸೊಂಟ ಬಾಗಿಸಿ ನಮಸ್ಕಾರ ಮಾಡುವವರು. ಮೊದಲ ಬೆಳಿಗ್ಗೆ ಹಾಲು ಕೊಡಿಸಲು ಹೋದರೆ ಒಳಗೆ ಎಲ್ಲರೂ ಒಮ್ಮೆಲೇ ಕೂಗುತ್ತಿದ್ದರು. ಜಗಳ ಹತ್ತಿದೆ ಅಂತ ಬಾಗಿಲಲ್ಲೇ ನಿಂತೆ. ಜಗಳ ಅಲ್ಲ, ಅವರು ಪ್ರಾರ್ಥನೆ ಮಾಡೋದೇ ಹಿಂಗ, ಎಲ್ಲರೂ ತಮ್ಮ ತಮ್ಮದು ಒಮ್ಮೆಲೇ ಹೇಳಿಕೊಳ್ತಾರ ಅಂದರು ಅಯ್ಯನವರ ಹೆಂಡತಿ. ದೇವರಿಗೆ ಹೆಂಗ ಕೇಳಿಸ್ತದ ಮತ್ತ ಅಂದೆ. "ನಿನಗ ಸಂತ್ಯಾಗ ಕೇಳಸಂಗಿಲ್ಲೇನು? ಹಂಗ" ಅಂದರು.

ಪ್ರಾರ್ಥನೆ ಮುಗಿದ ಮೇಲೆ ಕೆಲಸ. ಹಾಸ್ಟೆಲ್ಲಿನ ಗೋಡೆ ಕೆರೆದು ಬಣ್ಣ ಹಚ್ಚಿದರು. ಮಧ್ಯಾಹ್ನ ಹುಡುಗಿಯರಿಗೆ ಇಂಗ್ಲಿಷ್ ಹಾಡು, ಕಾಗದದ ಹಕ್ಕಿ, ಸಂಜೆ ವಾಲಿಬಾಲ್. ಬಣ್ಣದ ಕೆಲಸ ಅವರಿಗೆ ಬರುತ್ತಿರಲಿಲ್ಲ. ನೆಲಕ್ಕೆ ಬಿದ್ದದ್ದೇ ಹೆಚ್ಚು. ನಮ್ಮ ಪೇಂಟರ್ ಇಬ್ಬರು ಒಂದು ವಾರದಲ್ಲಿ ಮುಗಿಸುವುದನ್ನು ಅಷ್ಟೂ ಜನ ವಾರಗಟ್ಟಲೆ ಮಾಡಿದರೂ ಮುಗಿದಿರಲಿಲ್ಲ. ವಿಮಾನದ ಖರ್ಚು ಇಟ್ಟುಕೊಂಡು ಬಂದು ಗೋಡೆಗೆ ಬಣ್ಣ ಹಚ್ಚುವುದರಲ್ಲಿ ಏನು ಲಾಭ ಅಂತ ಅಯ್ಯನವರನ್ನು ಕೇಳಿದೆ. ಗೋಡೀ ಸಲುವಾಗಿ ಬಂದಿಲ್ಲವ್ವಾ, ತಮ್ಮ ಸಲುವಾಗಿ ಬಂದಾರ ಅಂದರು. ಆ ಮಾತು ಆಗ ತಿಳಿಯಲಿಲ್ಲ.

ಅಯ್ಯನವರು ತಿಳಿದ ಮನುಷ್ಯ. ಬಂದ ದಿನವೇ ಅವರಿಗೆ ಕಟ್ಟುನಿಟ್ಟು ಹಾಕಿದ್ದರು. ಗೇಟಿನ ಒಳಗೆ ಏನು ಬೇಕಾದರೂ ಹಾಡಿ, ಗೇಟು ದಾಟಿದ ಮೇಲೆ ನೀವು ಪ್ರವಾಸಿಗಳು. ಯಾರ ಮನೆಯಲ್ಲೂ ಧರ್ಮದ ಮಾತು ಎತ್ತುವಂತಿಲ್ಲ, ಕಾಗದ ಹಂಚುವಂತಿಲ್ಲ. ಅವರ ವೀಸಾ ಪ್ರವಾಸದ್ದು. ಕೊರಿಯಾದವರು ಆ ಮಾತು ನಡೆಸಿದರು. ಇದನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ, ಯಾಕೆಂದರೆ ಮುಂದೆ ಅವರ ಬಗ್ಗೆ ಹೇಳುವುದು ಅಷ್ಟು ಒಳ್ಳೆಯದಿಲ್ಲ.

ಸೂಜಿನ್ ಅವರಲ್ಲಿ ಒಬ್ಬಳು. ಸಂತೆಗೆ ನನ್ನ ಜೊತೆ ಬರುವ ಪಾಳಿ ಅವಳದು. ಮೊದಲ ದಿನ ಎಲೆಕೋಸಿನವಳು ದರ ಹೇಳುವ ಮೊದಲೇ ಇವಳು ಬಗ್ಗಿ ನಮಸ್ಕಾರ ಮಾಡಿದಳು. ಹಂಗ ಮಾಡಿದ ಮೇಲೆ ದರ ಇಳಿಯುತ್ತದೆಯೇ? ಅವಳನ್ನು ಪಕ್ಕಕ್ಕೆ ಕರೆದು ಹೇಳಿಕೊಟ್ಟೆ. ನಿಮಗೂ ಹೇಳುತ್ತೇನೆ, ಇಟ್ಟುಕೊಳ್ಳಿ. ಬೇಕಾದ್ದನ್ನು ಮೊದಲು ಕೇಳಬೇಡಿ. ಬೇಡಾದ್ದನ್ನು ಕೇಳಿ, ದರ ಜಾಸ್ತಿ ಆಯಿತು ಅಂತ ಮುಖ ಸಣ್ಣದು ಮಾಡಿ, ಹೊರಡುವಾಗ ಬೇಕಾದ್ದರ ಮೇಲೆ ಕಣ್ಣು ಬಿದ್ದಂತೆ ಮಾಡಿ. ಮುಂದಿನ ಸಂತೆಯಲ್ಲಿ ಅವಳು ಬದನೆಕಾಯಿ ಹಿಡಿದು ಎಷ್ಟು ಸಣ್ಣ ಮುಖ ಮಾಡಿದಳೆಂದರೆ, ಪಾಪ ಈ ಹುಡುಗಿಗೆ ಜ್ವರ ಬಂದದೇನು ಅಂತ ಮಾರುವವಳೇ ಕೇಳಿದಳು.

ಆದರೆ ಬೇಗ ಕಲಿತಳು. ಅವಳ ತಾಯಿಯೂ ಮಾರ್ಕೆಟ್ಟಿನವಳೇ. ಅವರ ಊರಿನಲ್ಲಿ ಊಟಕ್ಕೆ ನೆಂಚಿಕೊಳ್ಳುವ ಪಲ್ಯ, ಉಪ್ಪಿನಕಾಯಿ ಮಾಡಿ ಮಾರುತ್ತಾಳಂತೆ. ತಾಯಿಯ ಕೈ ಯಾವಾಗಲೂ ಕೆಂಪು, ಬೆಳ್ಳುಳ್ಳಿ ವಾಸನೆ ಅಂತ ಸೂಜಿನ್ ಹೇಳಿದಾಗ ನಾನು ನನ್ನ ಕೈ ಮುಂದೆ ಹಿಡಿದೆ. ಮೂಸಿ ನೋಡಿ, ನಿನ್ನದು ಕುರಿ ಅಂದಳು. ಹಂಗೆ ಗೆಳೆತನ ಆಯಿತು. ನನ್ನ ಹೆಸರು ಮಾಳಮ್ಮ. ಅವಳ ಬಾಯಲ್ಲಿ ಮಾಲಾ ಆಯಿತು. ಒಂದು ಮೂಟೆ ಎಲೆಕೋಸು, ನಮ್ಮ ಜಹೀರಾಬಾದಿನ ಶುಂಠಿ, ಖಾರದಪುಡಿ ತಂದು, ಉಪ್ಪು ಹಚ್ಚಿ, ಕೊಡದಲ್ಲಿ ತುಂಬಿ ಅವರ ಉಪ್ಪಿನಕಾಯಿ ಹಾಕಿದೆವು. ನಾಲ್ಕನೇ ದಿನಕ್ಕೆ ಹಾಸ್ಟೆಲ್ ತುಂಬ ನಾತ. ಅಯ್ಯನವರ ಹೆಂಡತಿ ಕೊಡವನ್ನು ಹಿತ್ತಲಿಗೆ ಸಾಗಿಸಿದರು. ನಾನು ಅದನ್ನು ಜೋಳದ ರೊಟ್ಟಿಗೆ ಹಚ್ಚಿ ತಿಂದೆ, ಛಲೋ ಇತ್ತು.

ಅವಳು ಇಲ್ಲಿಗೆ ಬಂದದ್ದು ಅವಳ ಚರ್ಚಿನ ಸಭೆಯವರು ಕೂಡಿಸಿ ಕೊಟ್ಟ ಹಣದಿಂದ. ಒಬ್ಬೊಬ್ಬ ಮುದುಕಿಯೂ ಕೈಲಾದಷ್ಟು ಹಾಕಿ ಕಳಿಸಿದ್ದಳಂತೆ. ಅದಕ್ಕೆ ದಿನಾ ಎಲ್ಲರೂ ನೋಡುವಂತೆ ಫೋನಿನಲ್ಲಿ ಒಂದು ಫೋಟೋ ಹಾಕಿ, ಏನು ಮಾಡಿದೆವು ಅಂತ ಬರೆಯಬೇಕು. ಗೋಡೆಯ ಬಣ್ಣ ಹಾಕಿದಳು, ಎಲೆಕೋಸು ಹಾಕಿದಳು. ಎಲೆಕೋಸಿಗೆ ಅವರ ಸಭೆಯವರು ಎರಡು ಮಾತು ಬರೆದರು, ಅಷ್ಟೇ. ಅವರು ಯಾವುದಕ್ಕೆ ಕಾಯುತ್ತಿದ್ದಾರೆ ಅಂತ ನನಗೆ ಗೊತ್ತಾಗಬೇಕಿತ್ತು. ದುಡ್ಡು ಕೊಟ್ಟವರು ಯಾವತ್ತೂ ಮಾಲಿಗೆ ಕಾಯುತ್ತಾರೆ.

ಎಳ್ಳಮಾಸಿ ಹಬ್ಬಕ್ಕೆ ಅವಳನ್ನು ಊರಿಗೆ ಕರೆದುಕೊಂಡು ಹೋದೆ. ಎಲ್ಲಾ ಕಾಳು, ಎಲ್ಲಾ ಸೊಪ್ಪು ಹಾಕಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ, ಹೊಲದಲ್ಲಿ ಊಟ. ಪಟ್ಟಾಗಿ ಚಕ್ಕಳಮಕ್ಕಳ ಹಾಕಿ ಕೂತಳು. ಅಪ್ಪ ಅವಳ ಹೆಸರು ಕೇಳಿದ. ಹೇಳಿದೆ.

"ಸೂಜಿನಾ? ಮತ್ತ ದಾರ ಎಲ್ಲಿ ಬಿಟ್ಟು ಬಂದಾಳ?"

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಅವ್ವ, ಕಾಕಾ ಎಲ್ಲ ನಕ್ಕು ಮುಗಿಸಿದ್ದರು. ಸೂಜಿನ್ ಎಲ್ಲರದೂ ಆದ ಮೇಲೆ ಒಬ್ಬಳೇ ನಕ್ಕಳು. ಅಪ್ಪನಿಗೆ ಅವಳ ಮೇಲೆ ಜೀವ ಬಂತು. ಮುಂದಿನ ವಾರ ಕುರಿ ತೊಳಿತೀವಿ, ನಿನ್ನ ಮಂದೀನೆಲ್ಲ ಕರ್ಕೊಂಡು ಬಾ ಅಂತ ಅವನೇ ಹೇಳಿದ. ನಾನು ಕರೆದದ್ದಲ್ಲ, ಅವರು ಕೇಳಿದ್ದೂ ಅಲ್ಲ.

ಕುರಿ ತೊಳೆಯುವುದು ಏನು ಅಂತ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಉಣ್ಣೆ ಕತ್ತರಿಸುವ ಮೊದಲು ಕುರಿಯನ್ನು ಹಳ್ಳದ ಮಡುವಿನಲ್ಲಿ ಮುಳುಗಿಸಿ, ಉಣ್ಣೆ ಹಿಂಡಿ, ಮಣ್ಣು ಹಿಕ್ಕೆ ಬಿಡಿಸಬೇಕು. ಒಣಗಿದ ಮೇಲೆ ತಡ ಮಾಡದೆ ಕತ್ತರಿಸಬೇಕು. ಬಿಟ್ಟರೆ ಮತ್ತೆ ಧೂಳು, ಮುಳ್ಳು, ಹಿಕ್ಕೆ. ಇದು ಒಂದು ಮನೆಯಿಂದ ಆಗುವ ಕೆಲಸವಲ್ಲ. ಕುರಿಯಿದ್ದ ಮನೆಗಳೆಲ್ಲ ಮುಯ್ಯಾಳಾಗಿ ಬರುತ್ತವೆ. ಇಂದು ನಮ್ಮ ಕುರಿ ಅವರು ಕತ್ತರಿಸಿದರೆ ನಾಳೆ ಅವರದನ್ನು ನಾವು. ಕೂಲಿ ಇಲ್ಲ, ಊಟ ಮಾತ್ರ. ಹಿಂಡಿನ ಮೊದಲ ಕತ್ತರಿ ಹಿರಿಯನೊಬ್ಬ ಹಾಕಿ, ಆ ಒಂದು ಹಿಡಿ ಉಣ್ಣೆಯನ್ನು ಬೀರಪ್ಪನ ಗುಡಿಗೆ ತೆಗೆದಿಡಬೇಕು. ಆ ಮೊದಲ ಕತ್ತರಿ ನಮ್ಮ ಕಡೆ ಯಾರ ಹಿಂಡಿಗೇ ಆಗಲಿ, ನಮ್ಮ ಅಪ್ಪನದು.

ಸಂಕ್ರಾಂತಿ ಮುಗಿದಿತ್ತು. ಬಿಳಿಜೋಳ ಹಾಲುಗಾಳಿಗೆ ಬಂದಿತ್ತು. ಬಿಸಿಲು ಏರಿದ ಮೇಲೆ ಕುರಿ ಇಳಿಸಿದೆವು. ಕೊರಿಯಾದವರು ಪ್ಯಾಂಟು ಮಡಚಿಕೊಂಡು ಇಳಿದರು. ಕುರಿ ಹಿಡಿಯಲು ಬರುವುದಿಲ್ಲ, ಕುರಿಯೇ ಅವರನ್ನು ಎಳೆದುಕೊಂಡು ಹೋಗುತ್ತಿತ್ತು. ದಂಡೆಯ ಮೇಲಿದ್ದ ಹೆಂಗಸರು ನಕ್ಕು ನಕ್ಕು ಸೆರಗು ಬಾಯಿಗಿಟ್ಟುಕೊಂಡರು. ಅಪ್ಪನ ದಾಯಾದಿ ತಮ್ಮ ಈರಣ್ಣ ಕಾಕಾ ಅಂತೂ ಪಾರ್ಕ್ ಸರ್ ಕೈಗೆ ಬೇಕಂತಲೇ ಕೊಬ್ಬಿದ ಟಗರು ಕೊಟ್ಟ.

ನಮ್ಮಲ್ಲಿ ಒಂದು ಚೇಷ್ಟೆ ಉಂಟು. ಮೊದಲ ಸಲ ಕುರಿ ತೊಳೆಯಲು ಇಳಿದವರನ್ನು, ಹೊಸ ಅಳಿಯ ಆಗಲಿ ಯಾರೇ ಆಗಲಿ, ಕಡೆಗೆ ಹಿಡಿದು ಕುರಿಯಂತೆಯೇ ಮುಳುಗಿಸುವುದು. ಕೆಲಸ ಮುಗಿದ ಮೇಲೆ ಅಪ್ಪ ಪಾರ್ಕ್ ಸರ್ ಹೆಗಲಿಗೆ ಕೈ ಹಾಕಿ, ಹಿಂದಕ್ಕೆ ಬಾಗಿಸಿ ಮುಳುಗಿಸಿದ. ಎದ್ದು, ಕೆಮ್ಮಿ, ಅವರು ನಕ್ಕರು. ಆಮೇಲೆ ಒಬ್ಬೊಬ್ಬರನ್ನೂ ಮುಳುಗಿಸಿದೆವು. ಅವರು ಅದನ್ನು ಕೊಟ್ಟು ತೆಗೆದುಕೊಳ್ಳುವ ಆಟ ಅಂತ ತಿಳಿದರು. ಪಾರ್ಕ್ ಸರ್ ಒಂದು ಕಡೆ, ಸೂಜಿನ್ ಇನ್ನೊಂದು ಕಡೆ ಹಿಡಿದು ಈರಣ್ಣ ಕಾಕಾನನ್ನು, ಆಮೇಲೆ ಅಪ್ಪನನ್ನೂ ಮುಳುಗಿಸಿದರು. ಚಳಿಗೆ ಅಪ್ಪ ಕಣ್ಣು ಮುಚ್ಚಿ ಎರಡೂ ಕೈ ಎದೆಗೆ ಒತ್ತಿಕೊಂಡಿದ್ದ. ಅವರ ಪೈಕಿ ಒಬ್ಬ ಹುಡುಗ ದಂಡೆಯ ಮೇಲಿಂದ ಫೋಟೋ ತೆಗೆದ. ಆ ಫೋಟೋದಲ್ಲಿ ಕುರಿ ಇಲ್ಲ. ಕುರಿಯೆಲ್ಲ ಆಗಲೇ ದಂಡೆ ಹತ್ತಿ ಮೈ ಝಾಡಿಸುತ್ತಿದ್ದವು.

ಮಾರನೇ ಬೆಳಿಗ್ಗೆ ಕತ್ತರಿಸುವ ದಿನ. ಅವರೆಲ್ಲ ಹಿಂದಿನ ಸಂಜೆಯೇ ಜಹೀರಾಬಾದಿಗೆ ಹೋಗಿದ್ದರು, ನಾನು ಉಳಿದಿದ್ದೆ. ಅಪ್ಪ ಬೇವಿನ ಕೆಳಗೆ ತಾಡಪಾಲು ಹಾಸಿ, ಕತ್ತರಿ ಮಸೆದು ಕೂತ. ಅವ್ವ ರೊಟ್ಟಿಯ ರಾಶಿ ಹಾಕಿ, ಪುಂಡಿಪಲ್ಯ ಮಾಡಿಟ್ಟಳು. ಬಿಸಿಲು ತಾಡಪಾಲಿಗೆ ಬಂತು, ಮಂದಿ ಬರಲಿಲ್ಲ. ಕಡೆಗೆ ಈರಣ್ಣ ಕಾಕಾ ಒಬ್ಬನೇ ಬಂದ, ಕತ್ತರಿ ಇಲ್ಲದೆ, ಕೈಯಲ್ಲಿ ಮಗನ ಫೋನು. ಮಗ ಸೂಜಿನ್‌ಳ ಜೊತೆ ಫೋನಿನಲ್ಲಿ ಗೆಳೆತನ ಮಾಡಿಕೊಂಡಿದ್ದನಂತೆ. ಆ ಕೊರಿಯಾದ ಬರಹವನ್ನು ಫೋನೇ ನಮ್ಮ ಹುಡುಗರು ಸಾಲೆಯಲ್ಲಿ ಕಲಿತ ತೆಲುಗಿಗೆ ಮಾಡಿಕೊಡುತ್ತದೆ. ಕುರುಬರ ಹಿರಿಯರೊಬ್ಬರು ಇವತ್ತು ನಮ್ಮ ಜೊತೆ ನೀರಿಗೆ ಇಳಿದರು, ಅವರಿಗಾಗಿ ಪ್ರಾರ್ಥಿಸಿ ಅಂತ ಬರೆದಿದ್ದಳು. ಕೆಳಗೆ ಅವರ ಸಭೆಯವರ ಸಾಲು ಸಾಲು ಹಲ್ಲೆಲೂಯಾ. ಎಲೆಕೋಸಿಗೆ ಎರಡು ಬಂದಿದ್ದವು, ಅಪ್ಪನಿಗೆ ತಳ ಕಾಣದಷ್ಟು.

"ನೀ ಅಲ್ಲೇ ಇದ್ದೆಲ್ಲೋ ಈರ್ಯಾ," ಅಪ್ಪ ಅಂದ. "ನಿನ್ನೂ ಮುಳುಗಿಸಿದ್ರು."

"ನಂದು ಫೋಟೋ ಇಲ್ಲಣ್ಣ."

"ನಿನ್ನ ಕಣ್ಣಿಲೆ ನೋಡೀದಿ."

"ನಾ ನೋಡೀನಿ. ಬೊಮ್ರಾಸಪೇಟ್ಯಾಗಿನ ಬೀಗರು ಇದನ್ನ ನೋಡ್ಯಾರ. ನಾ ಅವರ ಮನಿಗೆಲ್ಲ ಹೋಗಿ ಹೇಳ್ಲೇನು? ಕಿರಸ್ತಾನ ಆದ ಕೈ ಮೊದಲ ಕತ್ತರಿ ಹಾಕಿದ್ರ ಗುಡ್ಯಾಗ ಉಣ್ಣಿ ತಗೋಳಂಗಿಲ್ಲ ಅಂತ ಮಂದಿ ಅಂತಾರ. ಸುದ್ದ ಆಗೋತನ ಯಾರೂ ಬರಂಗಿಲ್ಲ."

ಅವ್ವ ರೊಟ್ಟಿಯ ಮೇಲೆ ಬಟ್ಟೆ ಮುಚ್ಚಿದಳು.

ನನಗೆ ಇದು ಸುಲಭದ ಲೆಕ್ಕ ಅನ್ನಿಸಿತು. ಮಾಲು ಸರಿಯಿಲ್ಲ ಅಂತ ಯಾರಾದರೂ ಅಂದರೆ ಮಾರಿದವನನ್ನೇ ಕರೆದು ನಿಲ್ಲಿಸುವುದು. ಇದು ಆಟ, ನೀರಲ್ಲಿ ಮುಳುಗಿಸಿ ಕಿರಸ್ತಾನ ಮಾಡುವ ಬಾಪ್ತಿಸ್ಮ ಅಲ್ಲ ಅಂತ ಸೂಜಿನ್ ಫೋನಿನಲ್ಲಿ ಎರಡು ಮಾತು ಹೇಳಿದರೆ ಮುಗಿಯಿತು. ತೊಳೆದ ಕುರಿ ನಿಂತಿವೆ, ಬೇಗ ಆಗಬೇಕು. ಜಹೀರಾಬಾದಿಗೆ ಬಂದರೆ ಹಾಸ್ಟೆಲ್ಲಿನಲ್ಲಿ ಅವರಿಲ್ಲ. ಅರ್ಧ ಬಣ್ಣದ ಗೋಡೆ, ಬಕೀಟು ಅಲ್ಲೇ. ಯಾರೋ ಠಾಣೆಗೆ ಹೇಳುತ್ತೇವೆ ಅಂತ ಹೆದರಿಸಿದರಂತೆ, ಪಾರ್ಕ್ ಸರ್ ಎಲ್ಲರನ್ನೂ ತಾಂಡೂರಿಗೆ ಕರೆದುಕೊಂಡು ಹೋಗಿದ್ದರು. ಅಯ್ಯನವರ ಮುಖ ಇಳಿದಿತ್ತು. ನಮ್ಮ ಸಭ್ಯಾಗ ತಲಿಗೆ ನೀರು ಚಿಮುಕಸ್ತೀವಿ, ಮುಳುಗಿಸೋದೇ ಇಲ್ಲ, ನಾ ಬಂದು ಹೇಳ್ತೀನವ್ವಾ ಅಂದರು. ಅಯ್ಯನವರೇ, ನೀವು ಹೇಳಿದರೆ ಒಂದು ಇದ್ದದ್ದು ಎರಡಾಗುತ್ತದೆ ಅಂದೆ. ಅವರಿಗೂ ಗೊತ್ತಿತ್ತು.

ವಿಕಾರಾಬಾದಿನಲ್ಲಿ ರೈಲು ಬದಲಿಸಿ ತಾಂಡೂರಿಗೆ ಹೋದೆ. ಎಲ್ಲ ಕಡೆ ಆ ಊರಿನ ನೀಲಿ ಬಂಡೆಯ ಪರ್ಸಿ ಹಾಸು, ಮೇಲೆ ಬಿಳಿ ಧೂಳು. ಅವರು ಉಳಿದಿದ್ದ ಮನೆಯ ಅಂಗಳದಲ್ಲಿ ಸೂಜಿನ್ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ಕಂಡು ಒದ್ದೆ ಕೈಯಲ್ಲೇ ಓಡಿ ಬಂದು ತಬ್ಬಿಕೊಂಡಳು, ಅಳುತ್ತಿದ್ದಳು. ಅಪ್ಪ ಹೇಗಿದ್ದಾರೆ ಅಂತ ಕೇಳಿದಳು. ಚೆನ್ನಾಗಿಲ್ಲ ಅಂದೆ. ಮುಯ್ಯಾಳು ಅಂದರೆ ಏನು, ಮಂದಿ ಬರದಿದ್ದರೆ ಕುರಿ ಏನಾಗುತ್ತದೆ, ಎಲ್ಲ ಬಿಡಿಸಿ ಹೇಳಿ ಫೋನು ಮುಂದೆ ಹಿಡಿದೆ.

"ಎರಡೇ ಮಾತು ಹೇಳು. ನಾನು ಕನ್ನಡ ಮಾಡಿಕೊಳ್ಳುತ್ತೇನೆ."

ಅವಳು ಬಾಗಿಲ ಕಡೆ ನೋಡಿದಳು. ಪಾರ್ಕ್ ಸರ್ ಬಂದರು, ಎಂದಿನಂತೆ ಬಾಗಿದರು. ಅವರಿಗೆ ನೋವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಹಳ್ಳಿಯಲ್ಲಿ, ನೀರಿನಲ್ಲಿ ನಾವಿದ್ದೆವು ಅಂತ ನಮ್ಮ ಬಾಯಿಂದಲೇ ವಿಡಿಯೋ ಕೊಟ್ಟರೆ ಅದು ಎಲ್ಲಿಗೆ ಹೋಗುತ್ತದೋ, ಈ ಮಕ್ಕಳ ವೀಸಾ ಹೋದರೆ ಅವರ ತಾಯಿ ತಂದೆಗೆ ಏನು ಹೇಳಲಿ ಅಂದರು. ತೂಕದ ಮಾತು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಅದಕ್ಕೆ ಅವರನ್ನು ಬಿಟ್ಟು ಸೂಜಿನ್‌ಳ ಕಡೆ ತಿರುಗಿದೆ. ವಿಡಿಯೋ ಬೇಡ. ಆ ಹಲ್ಲೆಲೂಯಾ ಅಂದವರಿಗೆ ನಿನ್ನ ಭಾಷೆಯಲ್ಲೇ ಬರೆ, ಇದು ಕುರಿ ತೊಳೆದದ್ದು ಅಂತ. ನಮ್ಮ ಹುಡುಗರ ಫೋನು ಅದನ್ನೂ ತೆಲುಗು ಮಾಡಿ ಓದುತ್ತದೆ. ನಿನ್ನ ಮುಖವೂ ಬೇಕಾಗಿಲ್ಲ.

ಅವಳು ಒದ್ದೆ ಕೈ ಬಟ್ಟೆಗೆ ಒರೆಸಿಕೊಂಡಳು.

"ಮಾಲಾ, ನನ್ನ ತಾಯಿ ಆ ಫೋಟೋ ನೋಡಿ ಅಂಗಡಿಯಲ್ಲೇ ಕೂತು ಅತ್ತಳಂತೆ. ಇಡೀ ಸಭೆ ಎದ್ದು ನಿಂತಿತಂತೆ. ನಾನು ಬಾಪ್ತಿಸ್ಮ ಅಂತ ಬರೆಯಲಿಲ್ಲ. ಅವರು ಹಾಗೆ ತಿಳಿದರು. ಈಗ ಅಲ್ಲ ಅಂತ ಹೇಗೆ ಹೇಳಲಿ?"

"ಬಾಯಿಂದ ಹೇಳು."

"ಅವರು ನನ್ನನ್ನು ಕಳಿಸಿದವರು."

"ನಮ್ಮಪ್ಪ ನಿನ್ನನ್ನು ಕರೆದವನು."

ನನ್ನ ಜೀವನದಲ್ಲಿ ನಾನು ಎಷ್ಟೋ ಜನರ ಜೊತೆ ಜಗ್ಗಾಡಿದ್ದೇನೆ. ಎದುರಿನವರ ಕಣ್ಣಲ್ಲಿ ದರ ಇಳಿಯುವ ಹೊತ್ತು ನನಗೆ ಗೊತ್ತಾಗುತ್ತದೆ. ಅವಳ ಕಣ್ಣಲ್ಲಿ ಅದು ಇಳಿಯಿತು, ಮತ್ತೆ ಏರಿತು. ಫೋನು ತೆಗೆದು, ನನ್ನ ಮುಂದೆಯೇ, ಆ ಫೋಟೋ ಅಳಿಸಿಬಿಟ್ಟಳು. ನೋಡು, ಇನ್ನಿಲ್ಲ ಅಂದಳು. ದೊಡ್ಡ ಉಪಕಾರ ಮಾಡಿದವಳಂತೆ ನನ್ನ ಕೈ ಹಿಡಿದುಕೊಂಡಳು. ಅಂಗಡಿಗೆ ಅಧಿಕಾರಿ ಬರುತ್ತಾನೆ ಅಂತ ತಿಳಿದು ಮಾಲು ಅಡಗಿಸುವವನನ್ನು ಯಾರೂ ಸಾಚಾ ಅನ್ನುವುದಿಲ್ಲ. ನಿಮ್ಮ ಮೇಲೆ ಯಾರಾದರೂ ತಪ್ಪು ಹೊರಿಸಿದರೆ ಏನನ್ನೂ ಅಳಿಸಬೇಡಿ. ಇದ್ದದ್ದನ್ನು ಇದ್ದಲ್ಲೇ ಇಟ್ಟು, ಪಕ್ಕದಲ್ಲಿ ನಿಂತು ಮಾತಾಡಿ.

ಊರಿಗೆ ಬಂದಾಗ ಸುದ್ದಿ ನನಗಿಂತ ಮೊದಲು ಬಂದಿತ್ತು. ಸ್ವಚ್ಛ ಇದ್ದಿದ್ರ ಯಾಕ ಅಳಸ್ತಿದ್ರು ಅಂತ ಈರಣ್ಣ ಕಾಕಾನ ಮಗ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದ. ಅವನ ಹತ್ತಿರ ಆ ಫೋಟೋ ಹೇಗೂ ಇತ್ತು, ಎಲ್ಲರ ಹತ್ತಿರವೂ ಇತ್ತು. ಅದು ಇಲ್ಲದಾದದ್ದು ನಮ್ಮ ಪಾಲಿಗೆ ಮಾತ್ರ, ಅದರ ಕೆಳಗೆ ಖರೆ ಮಾತು ಬರೆಯುವ ಜಾಗವೇ ಹೋಗಿತ್ತು.

ಅಯ್ಯನವರು ನನ್ನ ಮಾತು ಕೇಳದೆ ಬಂದೇ ಬಂದರು. ತಮ್ಮ ಸಭೆಯ ನಾಲ್ಕೈದು ಗಂಡಸರನ್ನು ಕರೆದುಕೊಂಡು, ಕತ್ತರಿ ತಂದಿದ್ದರು. ಮಾತಾಡೋದಿಲ್ಲ, ಕೆಲಸ ಮಾಡಿ ಹೋಗ್ತೀವಿ ಬೀರಣ್ಣಾ ಅಂದರು ಅಪ್ಪನಿಗೆ. ಅಪ್ಪ ಅವರನ್ನು ಬೇವಿನ ಕೆಳಗೆ ಕೂರಿಸಿ ಚಹಾ ಕೊಡಿಸಿದ. ಕುರಿಗಳು ಹಟ್ಟಿಯಲ್ಲಿ ಒದರುತ್ತಿದ್ದವು, ಕಾಲಿನ ಕಡೆ ಉಣ್ಣೆ ಆಗಲೇ ಹೊಲಸಾಗಿತ್ತು. ಆ ಕೈಗಳು ಅಪ್ಪನಿಗೆ ಬೇಕಾಗಿದ್ದವು. ಆದರೆ ತಗೊಂಡರೆ ಊರು ಅಂದದ್ದೇ ಖರೆ ಆಗುತ್ತದೆ. ಹಾಗಂತ ಬಂದವರಿಗೆ ನೀವು ಬೇಡ ಅನ್ನುವ ಮನುಷ್ಯ ಅಲ್ಲ ಅವನು.

"ನಿಮ್ಮ ಮನ್ಯಾಗ ಕುರಿ ಇಲ್ರಿ ಅಯ್ಯನವರೇ," ಅಂದ. "ಈ ಮುಯ್ಯಿ ನಾ ಹೆಂಗ ತೀರಸ್ಲಿ?"

ಅವರಿಗೆ ತಿಳಿಯಿತು. ಕಪ್ಪು ಕೆಳಗಿಟ್ಟು, ಕೈ ಮುಗಿದು ಹೋದರು. ಈ ಕಥೆಯಲ್ಲಿ ಯಾರಿಂದಲೂ ಏನೂ ಕೇಳದೆ ಬಂದವರು ಅವರೊಬ್ಬರೇ. ಅವರನ್ನೇ ನಾವು ಕಳಿಸಬೇಕಾಯಿತು.

ಉಳಿದದ್ದು ಶುದ್ಧಿ. ಗುಡಿಯ ಮುಂದೆ ಅಪ್ಪನನ್ನು ಕೂರಿಸಿ, ನೀರು ಹಾಕಿ, ಅರಿಶಿನದ ಭಂಡಾರ ಹಚ್ಚಿ, ತಪ್ಪು ಕಾಣಿಕೆ ಕಟ್ಟಿಸಿಕೊಂಡು, ಊರಿಗೆಲ್ಲ ಊಟ ಹಾಕಿಸುವುದು ಅಂತ ಹಿರಿಯರು ಹೇಳಿ ಕಳಿಸಿದರು. ನಾನು ಹೋಗಿ ಕೂತೆ. ಜಗ್ಗಾಡಿದೆ. ಊಟ ಬೇಡ ಅನ್ನಿಸಿದೆ, ಕಾಣಿಕೆ ಇಳಿಸಿದೆ, ಕಡೆಗೆ ನೀರು ಭಂಡಾರಕ್ಕೆ ತಂದು ನಿಲ್ಲಿಸಿದೆ. ನೀ ಗಂಡಸಾಗಿ ಹುಟ್ಟಬೇಕಾಗಿತ್ತು ನೋಡು ಅಂದ ಈರಣ್ಣ ಕಾಕಾ. ಅಷ್ಟು ಛಲೋ ಸೌದಾ. ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವನು ಕತ್ತರಿಯ ಕೀಲಿಗೆ ಎಣ್ಣೆ ಹಾಕುತ್ತಿದ್ದ, ತಲೆ ಎತ್ತಲಿಲ್ಲ.

"ಎಷ್ಟು ಅಗ್ಗ ಮಾಡಿಸಿದ್ರೂ ಅಷ್ಟೇ ಮಾಳಿ. ನಾ ಆ ಮಾಲೇ ತಗೊಂಡಿಲ್ಲ."

"ಒಂದು ತಂಬಿಗಿ ನೀರಪ್ಪ. ಹಾಕಿಸ್ಕೊಂಡು ಎದ್ದು ಬಾ."

"ಒಂದು ಸಲ ನೀರು ಹಾಕಿದ್ದಕ್ಕ ಇಷ್ಟು ಆಗ್ಯದ. ಇನ್ನೊಂದು ಸಲ ಹಾಕಿಸ್ಕೊಂಡ್ರ, ಮೊದಲಿಂದು ಖರೆ ಅಂತ ನಾನೇ ಹೇಳಿದಂಗ."

ವ್ಯಾಪಾರಕ್ಕೆ ಇಳಿಯುವ ಹುಡುಗಿಯರು ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ. ದರಕ್ಕೆ ಕೂತಿರಿ ಅಂದರೆ ಮಾಲು ನಿಮ್ಮದು ಅಂತ ಒಪ್ಪಿಕೊಂಡಂತೆ. ಕೆಲವು ಕಡೆ ಕೂರಲೇಬಾರದು.

ಕುರಿಗಳನ್ನು ನಾವೇ ಮೂವರು ಕತ್ತರಿಸಿದೆವು. ಅವ್ವ ಹಿಡಿಯುವುದು, ಅಪ್ಪ ಕತ್ತರಿಸುವುದು, ನಾನು ಉಣ್ಣೆ ಬಿಡಿಸುವುದು. ನನಗೂ ಕತ್ತರಿ ಬರುತ್ತದೆ, ಆದರೆ ಒಂದೊಂದು ಕುರಿಗೆ ಗಾಯ ಮಾಡುತ್ತೇನೆ. ಹಿಂಡಿನ ಅರ್ಧಕ್ಕೆ ಬರುವಷ್ಟರಲ್ಲಿ ಉಳಿದರ್ಧ ತೊಳೆಯದ ಕುರಿಯ ಹಾಗೇ ಆಗಿತ್ತು. ಮೊದಲ ಹಿಡಿ ಉಣ್ಣೆಯನ್ನು ಅಪ್ಪ ತೆಗೆದಿಟ್ಟ. ಗುಡಿಗೆ ಯಾರು ಒಯ್ಯಬೇಕು ಅಂತ ಅವ್ವ ಕೇಳಲಿಲ್ಲ.

ಕೆಲವು ದಿನದ ಮೇಲೆ ಈರಣ್ಣ ಕಾಕಾನ ಹಿಂಡಿನ ಪಾಳಿ ಬಂತು. ಅಪ್ಪ ಬೆಳಿಗ್ಗೆ ಎದ್ದು, ಮೈ ತೊಳೆದು, ಕತ್ತರಿ ಹೆಗಲ ಚೀಲಕ್ಕೆ ಹಾಕಿಕೊಂಡ. ಎಲ್ಲಿಗೆ ಹೊಂಟಿ ಅಂತ ಅವ್ವ ಅಡ್ಡ ನಿಂತಳು. ಹೋದ ಸಲ ಅಂವ ನಮ್ಮ ಕುರಿಗೆ ಬಂದಾನ, ನಂದು ಬಾಕಿ ಅದ ಅಂದ. ನಾನು ಹಿಂದೆ ಹೋದೆ. ಅಲ್ಲಿ ಮಂದಿ ಆಗಲೇ ಕೂತಿದ್ದರು. ಅಪ್ಪ ತಾಡಪಾಲಿನ ಅಂಚಿಗೆ ಕೂತು ಕತ್ತರಿ ತೆಗೆದು ಮುಂದೆ ಇಟ್ಟುಕೊಂಡ. ಯಾರೂ ಹೋಗು ಅನ್ನಲಿಲ್ಲ. ಬಾ ಅನ್ನಲೂ ಇಲ್ಲ. ಹುಡುಗರು ಕುರಿ ಹಿಡಿದು ತಂದು ಒಬ್ಬೊಬ್ಬರ ಮುಂದೆ ಕೆಡವುತ್ತಿದ್ದರು. ಅಪ್ಪನ ಮುಂದೆ ಬಂದಾಗ ದಾಟಿ ಹೋಗುತ್ತಿದ್ದರು. ಮೊದಲ ಕತ್ತರಿ ಯಾರೋ ಬೇರೆಯವರು ಹಾಕಿದ್ದರು. ಊಟದ ಹೊತ್ತಿಗೆ ಕಾಕಾನ ಹೆಂಡತಿ ಅಪ್ಪನಿಗೂ ರೊಟ್ಟಿ ತಂದಿಟ್ಟಳು, ಅವಳ ಕಣ್ಣಲ್ಲಿ ನೀರಿತ್ತು. ಕೆಲಸ ಮಾಡಿಲ್ಲವ್ವಾ, ಹೆಂಗ ಉಣ್ಲಿ ಅಂದ. ಬಿಸಿಲು ಇಳಿಯುವ ತನಕ ಕೂತು, ಕತ್ತರಿ ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದ.

ಯುಗಾದಿಗೆ ಮೊದಲೇ ಹಿಂಡು ಮಾರಿದೆವು. ಒಬ್ಬನೇ ಮನುಷ್ಯನಿಂದ ಹಿಂಡು ನಡೆಯುವುದಿಲ್ಲ, ಮಳೆಗಾಲಕ್ಕೆ ಮತ್ತೆ ಕತ್ತರಿ ಬರುತ್ತದೆ. ಜಹೀರಾಬಾದಿನ ಸಂತೆಯಲ್ಲಿ ನಾನೇ ನಿಂತು ಜಗ್ಗಾಡಿದೆ, ಒಳ್ಳೆಯ ದರ ತಂದೆ. ಅಪ್ಪ ಲಾರಿಯ ಹಿಂದೆ ನಿಂತು ಒಂದೊಂದು ಕುರಿಯ ಬೆನ್ನ ಮೇಲೂ ಕೈಯಾಡಿಸಿ ಹತ್ತಿಸಿದ. ಆ ಹಣದಿಂದಲೇ ನನ್ನ ಮೊದಲ ತಕ್ಕಡಿ, ಮೊದಲ ಗಾಡಿ ಬಂದದ್ದು. ಸ್ವಂತ ಕಾಲ ಮೇಲೆ ನಿಂತವಳು ಅಂತ ಜನ ನನ್ನನ್ನು ಹೊಗಳುವಾಗ ನಾನು ತಿದ್ದುವುದಿಲ್ಲ.

ಅದಾದ ಕೆಲವು ದಿನಕ್ಕೆ ಸೂಜಿನ್‌ಳ ಸಂದೇಶ ಬಂತು. ಕುರಿ ಮಾರಿದ ಸುದ್ದಿ ಅಯ್ಯನವರಿಂದ ಕೇಳಿದಳಂತೆ, ಮೂರು ದಿನ ಅತ್ತಳಂತೆ. ಸಭೆಯಲ್ಲಿ ಹೇಳಿದಳಂತೆ, ಏನು ಹೇಳಿದಳೋ ಬರೆದಿರಲಿಲ್ಲ. ಎಲ್ಲರೂ ಸೇರಿ ಅಪ್ಪನಿಗೆ ಹೊಸ ಕುರಿ ಕೊಡಿಸಬೇಕೆಂದಿದ್ದೇವೆ, ಎಷ್ಟು ಬೇಕಾದರೂ ಕೊಡಿಸುತ್ತೇವೆ ಅಂತ ಬರೆದಿದ್ದಳು.

ಅಪ್ಪ ಹೊರಸಿನ ಮೇಲೆ ಕೂತಿದ್ದ. ಓದಿ ಹೇಳಿದೆ.

"ಪಾಪ, ಒಳ್ಳೇ ಹುಡುಗಿ," ಅಂದ. ಆಮೇಲೆ, "ಕುರಿ ಕಳಸ್ತೀನಿ ಅಂತಾಳಲ್ಲ, ಕತ್ತರಿ ಹಿಡ್ಕೊಂಡು ಬರೋ ಮಂದೀನ ಕಳಸ್ತಾಳೇನು, ಅದನ್ನ ಕೇಳು."

ಒಂದು ಅಕ್ಷರ ಬಿಡದೆ ಬರೆದು ಕಳಿಸಿದೆ. ಉತ್ತರ ಕೂಡಲೇ ಬಂತು, ಕೆಳಗೆ ನಗುವ ಮುಖ, ಮುಗಿದ ಕೈ. "ಎಷ್ಟು ಮಂದಿ ಬೇಕು ಮಾಲಾ? ಮುಂದಿನ ಜನವರಿ ನಮ್ಮ ತಂಡ ಇನ್ನೂ ದೊಡ್ಡದು."

"ಏನಂದಳು ಸೂಜಿ?" ಅಪ್ಪ ಕೇಳಿದ.

ನೆಟ್‌ವರ್ಕ್ ಇಲ್ಲಪ್ಪ ಅಂದೆ.